ಮಂಡಿಯ ಕೆಳಗಿನ ದಿಂಬು

"ಕೈ ತೆಗೀರಿ ಮೊದ್ಲು!"

ಅನಸೂಯ ಪೆರುಮಾಳನ ಕೈ ತಳ್ಳಿದಳು. ಹಾಸಿಗೆಯಲ್ಲಿ ತಂಗಿ ಗಂಗರತ್ನ ಹೊದಿಕೆ ಕಚ್ಚಿ ಅಳುತ್ತಿದ್ದಳು. ಹದಿನೈದರ ಹುಡುಗಿ. ಹುಟ್ಟಿನಿಂದ ಗಿಡ್ಡವಾಗಿದ್ದ ಎಡಗಾಲನ್ನು ಉದ್ದ ಮಾಡಲು ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಮೊಣಕಾಲಿನ ಕೆಳಗೆ ಸುತ್ತಲೂ ಉಕ್ಕಿನ ಬಳೆಗಳು, ಅವುಗಳಿಂದ ಮೂಳೆಯೊಳಕ್ಕೆ ಹೊಕ್ಕ ತಂತಿಗಳು.

"ಮಂಡಿ ನೆಟ್ಟಗಾಗದಿದ್ರೆ ಕಾಲು ಉದ್ದ ಆದ್ರೂ ಕುಂಟೋದೇ ಅಮ್ಮಾ," ಎಂದ ಪೆರುಮಾಳ್. ವ್ಯಾಯಾಮ ಮಾಡಿಸಲು ಬಂಗಾರಪೇಟೆಯ ಆಸ್ಪತ್ರೆಯಿಂದ ಬಂದಿದ್ದ.

"ನೋವು ನಿಮಗಲ್ವಲ್ಲ."

ಆದರೂ ಅವನು ದಿನ ಬಿಟ್ಟು ದಿನ ಬಂದ.

ಅಮ್ಮ ಇಲ್ಲದ ಮನೆ. ಅಪ್ಪ ಸೊಣ್ಣಪ್ಪ ಗಣಿಗಿಳಿದರೆ ಊರಿಗಾಂ ಗಣಿಕಾರ್ಮಿಕರ ಲೈನಿನ ಆ ಎರಡು ಕೋಣೆಗಳಲ್ಲಿ ಅಕ್ಕತಂಗಿಯರಷ್ಟೇ. ಇಪ್ಪತ್ತೈದರ ಅನಸೂಯ ಬೀದಿ ನಲ್ಲಿಯ ಆಚೆಗೆ ಹೋಗಿ ಎಷ್ಟು ಕಾಲವಾಗಿತ್ತೋ! ಬಳೆಗಳು ತಂಗಿಯ ಕಾಲಿಗೆ... ಸಿಕ್ಕಿಬಿದ್ದವಳು ತಾನೂ ಅಲ್ಲವೇ?

ಬಂಗಾರಪೇಟೆಯ ರೈಲು ಕೂಗಿದರೆ ಅವಳ ಕಿವಿ ಬಾಗಿಲಿಗೆ ಹೋಗತೊಡಗಿತು.

"ನಿಮ್ಮಪ್ಪನ್ನ ಕೇಳಲಾ, ನಮ್ಮಿಬ್ರ ಮದುವೆ ವಿಷಯ?" ಒಂದು ಸಂಜೆ ಚಪ್ಪಲಿ ಮೆಟ್ಟುತ್ತಾ ಅವನು ಕೇಳಿದ.

"ಇವಳ ಕಾಲು ಸರಿಯೋಗ್ಲಿ... ಆಮೇಲೆ."

ಮಂಡಿ ದಿನೇದಿನೇ ಬಿಗಿಯಾಗುತ್ತ ಹೋಯಿತು. ಒಂದು ದಿನ ಬೇಗ ಬಂದ ಪೆರುಮಾಳ್ ಹೊದಿಕೆ ಸರಿಸಿದ. ಮಂಡಿಯ ಕೆಳಗೆ ಮೆತ್ತನೆಯ ದಿಂಬು.

"ಇಡಬೇಡಿ ಅಂದಿದ್ದೆ. ಇಟ್ರೆ ಮಂಡಿ ಬಾಗಿದಂಗೇ ನಿಲ್ಲುತ್ತೆ ಅಂತ್ಲೂ ಹೇಳಿದ್ದೆ." ದನಿ ತಣ್ಣಗಿತ್ತು. "ನಿಮಗೆ ನಾನು ಬೇಡ ಅನ್ನೋದಾದ್ರೆ ನಂಗೇ ಹೇಳ್ಬಹುದಿತ್ತು. ಮಗು ಕಾಲನ್ನ ಯಾಕೆ ಅಡ್ಡ ಇಟ್ರಿ? ಇನ್ಮೇಲೆ ಆಸ್ಪತ್ರೆಗೇ ಕರ್ಕೊಂಡ್ ಬನ್ನಿ."

ನೋವು ನೋಡಲಾಗದೆ ಇಟ್ಟಿದ್ದು... ಎನ್ನುತ್ತ ಅವಳು ಬಾಗಿಲಿಗೆ ಬರುವಷ್ಟರಲ್ಲಿ ಅವನು ಹೋಗಿಬಿಟ್ಟ.

"ದಿಂಬು ತೆಗಿಯಕ್ಕಾ," ಎಂದಳು ಗಂಗರತ್ನ.

"ನೋವಾಯ್ತದೆ ಕಣೇ."

"ಆಗ್ಲಿ. ನನ್ ಕಾಲು ನೆಟ್ಟಗಾದ್ರೆ ನನ್ನ ಬಿಟ್ಟು ಓಗ್ಬೇಕಲ್ಲ ಅಂತ ನಿಂಗೇ ಭಯ. ಅದನ್ನ ನನ್ ನೋವಿನ ಮೇಲೆ ಯಾಕೆ ಆಕ್ತೀಯ?"

ಅನಸೂಯ ನೆಲದ ಮೇಲೆ ಕೂತುಬಿಟ್ಟಳು. ನಿಜವೇ? ನಿಜವೇ ಇರಬೇಕು...

ದಿಂಬು ಅಟ್ಟ ಸೇರಿತು. ಪೆರುಮಾಳ್ ಮಾಡುತ್ತಿದ್ದಂತೆಯೇ ಮಂಡಿಯ ಮೇಲೆ ಅಂಗೈಯಿಟ್ಟು ಮೆಲ್ಲನೆ ಒತ್ತಿದಳು. ವಾರಗಟ್ಟಲೆ ಒತ್ತಿದಳು.

ಗಣಿಗೆ ರಜೆಯಿದ್ದ ದಿನ, ಅಪ್ಪನನ್ನು ತಂಗಿಯ ಪಕ್ಕ ಕೂರಿಸಿ ಬಂಗಾರಪೇಟೆಯ ರೈಲು ಹತ್ತಿದಳು.

ಆಸ್ಪತ್ರೆಯ ಜಗಲಿಯಲ್ಲಿ ಪೆರುಮಾಳ್ ಅವಳನ್ನು ಕಂಡು ನಿಂತ.

"ಮಂಡಿ?"

"ಆಸಿಗೆಗೆ ತಾಗ್ತದೆ. ನಾನೇ ಒತ್ತಿದೆ."

"ಅತ್ತಳಾ?"

"ಇಬ್ರೂ ಅತ್ವಿ." ಅವಳು ಸೆರಗಿನ ತುದಿ ಸುತ್ತಿದಳು. "ಇವತ್ತು ಅಪ್ಪ ಮನೇಲವ್ರೆ. ಏನೋ ಕೇಳ್ಬೇಕು ಅಂದಿದ್ರಲ್ಲ... ಗಂಗ ಬಾಗಿಲು ನೋಡ್ಕಂಡು ಕುಂತವಳೆ."

"ಗಂಗ ಮಾತ್ರಾನಾ?"

"ನಾನೂ ನೋಡ್ಕಂಡೇ ಕುಂತಿದ್ದೆ. ಇನ್ನು ಕುಂತ್ಕೊಳ್ಳಾಕೆ ಆಗ್ಲಿಲ್ಲ... ಅದ್ಕೇ ಬಂದೆ."