ಪ್ರಭುರಾಜನ ನೆತ್ತಿ

ಹದಿನಾಲ್ಕು ಇಂಚಿನ ಕೂದಲ ಕಟ್ಟೊಂದನ್ನು ಮೊಳೆಹಲಗೆಯ ಹಲ್ಲುಗಳಿಗೆ ಸಿಕ್ಕಿಸಿ ಸುರೇಖಾ ಎರಡನೆಯ ಸಲ ಎಳೆಯುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ನಡುವೆ ಕೈ ಬಿಟ್ಟರೆ ಎಳೆಗಳೆಲ್ಲ ಗೋಜಲಾಗುತ್ತವೆ. ಅವಳು ತಲೆ ಎತ್ತದೆ ಮೊಣಕೈಯಿಂದಲೇ ಕುರ್ಚಿ ತೋರಿಸಿದಳು.

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಇದು ಮನೆಮನೆಯ ಕೆಲಸ. ಚೀಲಗಟ್ಟಲೆ ಬರುವ ಕೂದಲನ್ನು ಬಿಡಿಸಿ, ತೊಳೆದು, ಬಾಚಿ, ಉದ್ದ ನೋಡಿ ಬೇರೆ ಮಾಡುತ್ತಾರೆ. ಹತ್ತು ವರ್ಷ ಅದನ್ನೇ ಮಾಡಿದ ಸುರೇಖಾ ಆಮೇಲೆ ಚೆನ್ನೈಯಲ್ಲಿ ಮೂರು ತಿಂಗಳು ನಿಂತು ಕಲಿತು ಬಂದಳು. ಈಗ ತೆಳು ಜಾಲರಿಗೆ ಒಂದೊಂದೇ ಎಳೆ ಗಂಟು ಹಾಕಿ, ಬೋಳಾದ ನೆತ್ತಿಗೆ ಕೂರುವ ಪ್ಯಾಚು ಮಾಡುತ್ತಿದ್ದಳು. ಬಾಚುವ ಕೆಲಸಕ್ಕೆ ಜೊತೆಯಲ್ಲಿ ಪಾರಮ್ಮ ಇದ್ದಳು. ಓಣಿಯ ಸುದ್ದಿಗಳು ಮೊದಲು ಪಾರಮ್ಮನ ಬಾಯಲ್ಲಿ ಹುಟ್ಟಿ ಆಮೇಲೆ ನಡೆಯುತ್ತಿದ್ದವು.

ಬಂದವನು ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡು ಕೂತ. ತನ್ನ ತಮ್ಮನಿಗೆ ಒಂದು ಪ್ಯಾಚು ಬೇಕಾಗಿದೆ ಎಂದ. ಅಳತೆಗೆ ತಮ್ಮನನ್ನೇ ಕರೆತರಬೇಕೆಂದು ಸುರೇಖಾ ಹೇಳಿದಳು. ತಮ್ಮನ ತಲೆ ಸರಿಯಾಗಿ ತನ್ನ ತಲೆಯಷ್ಟೇ ಇದೆ ಎಂದ ಅವನು.

ಆಗ ಅವಳು ಮುಖ ಎತ್ತಿ ನೋಡಿದಳು. “ಹಂಗಾರ ಟೊಪ್ಪಿಗಿ ತಗೀರಿ. ನಿಮ್ಮ ತಮ್ಮನ ತಲಿ ನೋಡೂಣು.”

ಪಾರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನ ಕಿವಿ ಕೆಂಪಾದವು. ಆದರೆ ಅವನೂ ನಕ್ಕ. ಮೊದಲು ಕಣ್ಣು ನಕ್ಕವು. ತುಟಿಗಳು ಅಪ್ಪಣೆ ಕೇಳಿಕೊಂಡು ಬಂದಂತೆ ತಡವಾಗಿ ನಕ್ಕವು. ಸುರೇಖಾ ಕೂದಲ ಕಟ್ಟಿಗೆ ರಬ್ಬರು ಸುತ್ತುವುದನ್ನು ಮರೆತಳು.

ಹೆಸರು ಪ್ರಭುರಾಜ. ಇರಕಲ್ಲಗಡದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ವಯಸ್ಸು ಮೂವತ್ತಾರು. ನಾಲ್ಕು ಕಡೆ ಕನ್ಯೆ ನೋಡಿ ಬಂದಿದ್ದ; ನಾಲ್ಕೂ ಕಡೆಯವರು ತಲೆ ನೋಡಿ ಮಾತು ಬದಲಿಸಿದ್ದರು. ಐದನೆಯದು ಕುಷ್ಟಗಿಯಲ್ಲಿ, ಇನ್ನು ಆರು ವಾರಕ್ಕೆ. ಈ ಸಲ ಕೂದಲಿನ ಸಮೇತ ಹೋಗಬೇಕೆಂದು ತಾಯಿ ಶಿವಬಸಮ್ಮ ಹಟ ಹಿಡಿದಿದ್ದರು.

ಅಳತೆಗೆ ಮೊದಲು ಸುರೇಖಾ ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನು ಕೇಳಿದಳು. ಟೈಫಾಯ್ಡ್ ಬಂದಿತ್ತೆ, ರಕ್ತ ಕಡಿಮೆಯೆ, ಥೈರಾಯ್ಡ್ ಇದೆಯೆ, ದೊಡ್ಡ ಚಿಂತೆಯೇನಾದರೂ ಹತ್ತಿತ್ತೆ? ಅಂಥದರಿಂದ ಉದುರಿದ್ದು ಬಹಳ ಸಲ ಚಿಕಿತ್ಸೆಯಾದ ಮೇಲೆ ತಾನೇ ಬರುತ್ತದೆ. ಅಂಥವರನ್ನು ಅವಳು ಡಾಕ್ಟರ ಹತ್ತಿರ ಕಳಿಸಿಬಿಡುತ್ತಿದ್ದಳು.

ಅವನದು ಅದಲ್ಲ. ಹಣೆಯ ಎರಡು ಮೂಲೆಯಿಂದ ಹಿಂದೆ ಸರಿದು, ನೆತ್ತಿಯಲ್ಲಿ ಬಯಲಾಗಿ ಕೂಡಿಕೊಂಡಿತ್ತು. ಬೋರಿನ ನೀರು, ಹೆಲ್ಮೆಟ್ಟು ಎಂದೆಲ್ಲ ಊರು ಹೇಳಿತ್ತು. ಅವೆರಡೂ ಕಾರಣವಲ್ಲ, ಇದು ಮನೆತನದ್ದು, ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿರಬಹುದು, ಗಂಡಸರ ಹಾರ್ಮೋನಿಗೆ ಕೂದಲ ಬುಡ ಸೊರಗುತ್ತದೆ ಎಂದು ಕೊಪ್ಪಳದ ಚರ್ಮದ ಡಾಕ್ಟರು ತಿಳಿಸಿ ಹೇಳಿದ್ದರು. ಅದಕ್ಕೂ ಮೊದಲು ತಾಯಿ ಮೂರು ತಿಂಗಳು ಉಳ್ಳಾಗಡ್ಡಿ ರಸ ಹಚ್ಚಿದ್ದರಂತೆ. ಆ ವಾಸನೆಗೆ ಒಂಬತ್ತನೇ ಇಯತ್ತೆಯ ಹುಡುಗಿಯರು ಮೊದಲ ಬೆಂಚು ಖಾಲಿ ಮಾಡಿದ್ದರು. ಡಾಕ್ಟರು ಕೊಟ್ಟ ಲೋಶನ್ ಹಚ್ಚಿದಾಗ ಮೊದಲ ತಿಂಗಳಲ್ಲೇ ಇನ್ನಷ್ಟು ಉದುರಿತು, ಹೆದರಿ ಬಿಟ್ಟುಬಿಟ್ಟ.

ಮೊದಲು ಹಾಗೆ ಉದುರುವುದುಂಟು, ಆಮೇಲೆ ಹೊಸದು ಬರಬಹುದು, ಆರು ತಿಂಗಳಾದರೂ ತಾಳಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ ಎಂದು ಸುರೇಖಾ ವಿವರಿಸಿದಳು. ಗುಳಿಗೆಯೂ ಇದೆ, ಆದರೆ ಡಾಕ್ಟರನ್ನು ಕೇಳದೆ ನುಂಗಬಾರದು. ಹಿಂದಲೆಯ ಬೇರು ತೆಗೆದು ಮುಂದೆ ನೆಡುವುದೂ ಉಂಟು.

“ಅದನ್ನೂ ಕೇಳೀನ್ರಿ. ಹಿಂದ ಇರೂದ ನಾಕ ಸಾಲು. ಅದನ್ನ ಕಿತ್ತು ಮುಂದ ಹಚ್ಚಿದ್ರ ಹಿಂದಿನವರು ನಗ್ತಾರ.”

ನೆತ್ತಿಗೆ ತೆಳು ಪ್ಲಾಸ್ಟಿಕ್ ಹೊದಿಸಿ, ಟೇಪು ಅಂಟಿಸಿ, ಬಯಲಿನ ಗಡಿಯನ್ನು ಪೆನ್ನಿನಲ್ಲಿ ಬರೆಯುವಾಗ ಅವಳ ಎಡಗೈ ಅವನ ಕಿವಿಯ ಹಿಂದೆ ಊರಿತ್ತು. ನೂರಾರು ತಲೆ ಹಿಡಿದ ಕೈ ಅದು. ಈ ತಲೆ ಮಾತ್ರ ಬೆಚ್ಚಗಿತ್ತು. ಅವನು ಉಸಿರು ಬಿಗಿಹಿಡಿದಿರುವುದು ಅವಳ ಬೆರಳಿಗೆ ತಿಳಿಯಿತು.

“ಉಸಿರಾಡ್ರಿ ಮಾಸ್ತರ, ಅದಕ್ಕ ಬ್ಯಾರೆ ರೊಕ್ಕಿಲ್ಲ.”

ಆಮೇಲೆ ಅವನು ಬಣ್ಣ ಹೊಂದಿಸಲು ಬಂದ. ಕೂದಲ ದಪ್ಪ ನೋಡಲು ಬಂದ. ನೋಡುವುದೆಲ್ಲ ಮುಗಿದ ಮೇಲೆ, ಶಾಲೆ ಬಿಟ್ಟು ಬಸ್ಸು ಹಿಡಿದು, ಬೈತಲೆ ಎಡಕ್ಕಿರಲೋ ಬಲಕ್ಕಿರಲೋ ಎಂದು ಕೇಳಲು ಬಂದ. ಒಳಗೆ ಬಂದವನೇ ಟೊಪ್ಪಿಗೆ ತೆಗೆದು ಮೊಳೆಗೆ ಹಾಕುತ್ತಿದ್ದ. ಬೇರೆಲ್ಲೂ, ಸ್ಟಾಫ್ ರೂಮಿನಲ್ಲಿ ಕೂಡ, ತಾನು ಹೀಗೆ ಕೂರುವುದಿಲ್ಲ ಎಂದು ಒಂದು ದಿನ ಹೇಳಿದ. ಹೇಳಿದ್ದಕ್ಕೆ ತಾನೇ ನಾಚಿ ಚಹಾದ ಲೋಟದೊಳಗೆ ನೋಡಿದ.

ನೀವೇಕೆ ಮದುವೆಯಾಗಲಿಲ್ಲ ಎಂದೂ ಕೇಳಿದ. ಸುರೇಖಾ ನಗುತ್ತಲೇ ಹೇಳಿದಳು. ಎಂಟು ಸಲ ಅವಲಕ್ಕಿಯ ತಟ್ಟೆ ಹಿಡಿದು ಬೇರೆಬೇರೆ ಗಂಡಿನವರ ಮುಂದೆ ನಿಂತಿದ್ದಳು. ಒಬ್ಬರು ನಡೆಸಿ ನೋಡಿದರು, ಒಬ್ಬರು ಓದಿಸಿ ನೋಡಿದರು. ಎಂಟನೆಯವರು, ಸತ್ತವರ ಕೂದಲೂ ಮುಟ್ಟುತ್ತೀಯೇನು ಎಂದು ಕೇಳಿದರು. ಅವತ್ತು ತಟ್ಟೆ ಕೆಳಗಿಟ್ಟವಳು, ಇನ್ನು ಯಾರೂ ತನ್ನನ್ನು ನೋಡಲು ಬರುವುದು ಬೇಡ ಎಂದಿದ್ದಳು. ನಾಲ್ಕು ವರ್ಷವಾಯಿತು, ಸುಖವಾಗಿದ್ದೇನೆ ಎಂದಳು. ಅದು ನಿಜವೂ ಆಗಿತ್ತು, ಅವನು ಬರುವವರೆಗೆ.

ನಾಲ್ಕನೆಯ ವಾರ ಒಂದು ಮಧ್ಯಾಹ್ನ ಅವಳು ಕೊಕ್ಕೆಸೂಜಿ ಹಿಡಿದು ಹಣೆಯ ಅಂಚಿನ ಸಾಲು ಕಟ್ಟುತ್ತಿದ್ದಳು. ಪಾರಮ್ಮ ಬಗ್ಗಿ ನೋಡಿ ಮೆಲ್ಲಗೆ ಕೇಳಿದಳು, “ಯವ್ವಾ, ಬುಡ ಯಾವ ಕಡಿ ಐತಿ?”

ಸುರೇಖಾ ಬೆರಳಲ್ಲಿ ಸವರಿದಳು. ಮೂರು ಸಾಲು ಪೂರ್ತಿ ಬುಡ ತುದಿ ತಿರುಗುಮುರುಗಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠವೇ ಅದು: ತಿರುಗಿದ ಕೂದಲು ಎರಡು ಸಲ ತೊಳೆದರೆ ಸಿಕ್ಕಾಗಿ ಗೂಡು ಕಟ್ಟುತ್ತದೆ. ಹದಿಮೂರು ವರ್ಷದಲ್ಲಿ ಇಂಥ ತಪ್ಪು ಅವಳು ಮಾಡಿರಲಿಲ್ಲ.

ಹಾಗೇ ಬಿಟ್ಟರೆ? ಕುಷ್ಟಗಿಗೆ ಹೋಗುವಷ್ಟರಲ್ಲಿ ಕೂದಲು ಗೂಡಾಗುತ್ತದೆ, ಐದನೆಯವರೂ ಮಾತು ಬದಲಿಸುತ್ತಾರೆ. ಅವನು ಸೀದಾ ಇಲ್ಲಿಗೇ ಬರುತ್ತಾನೆ, ಟೊಪ್ಪಿಗೆ ಮೊಳೆಗೆ ಹಾಕುತ್ತಾನೆ. ಆ ಯೋಚನೆ ಅವಳಿಗೆ ಎಷ್ಟು ಸಿಹಿಯಾಗಿತ್ತೆಂದರೆ ಕೆನ್ನೆ ಕಾವೇರಿತು. ಕೈಯ ಕೆಲಸದ ನಿಯತ್ತು ದೊಡ್ಡದೋ, ಆ ಮನುಷ್ಯ ದೊಡ್ಡವನೋ ಎಂದು ತೂಗಿ ನೋಡಿದಳು. ಆಮೇಲೆ ಚಿಮಟ ತೆಗೆದುಕೊಂಡು ಮೂರೂ ಸಾಲು ಬಿಚ್ಚಿದಳು. ಒಂದೊಂದು ಗಂಟು ಬಿಚ್ಚುವಾಗಲೂ, ತಾನು ಯಾರಿಗೋ ಗಂಡನನ್ನು ಸಿಂಗರಿಸುತ್ತಿದ್ದೇನೆ ಎನ್ನಿಸಿತು.

“ಬಿಚ್ಚಿದ್ಯಲ್ಲ,” ಎಂದಳು ಪಾರಮ್ಮ, “ನೀ ಹುಚ್ಚಿ ಅದಿ.”

ಪ್ಯಾಚು ಕೂರಿಸುವ ದಿನ ಬಂತು. ಅಂಚು ಚರ್ಮದೊಳಗಿಂದಲೇ ಹುಟ್ಟಿದಂತೆ ಬಂದಿತ್ತು. ಪ್ರಭುರಾಜ ಕನ್ನಡಿಯಲ್ಲಿ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಮೊದಲ ದಿನ ಹೇಳಿದ ಆ ತಮ್ಮನಂತೆಯೇ ಕಾಣುತ್ತೇನೆ ಎಂದ. ಚೆಂದವೇ ಇದ್ದ. ಸುರೇಖಾಳಿಗೆ ಮಾತ್ರ ತನಗೆ ಗುರುತಿದ್ದ ಮನುಷ್ಯ ಎದ್ದು ಹೋಗಿ, ಬೇರೊಬ್ಬ ಆ ಕುರ್ಚಿಯಲ್ಲಿ ಕೂತಂತಾಯಿತು. ತೊಳೆಯುವ ಬಗೆ, ಅಂಟು ಹಚ್ಚುವ ಬಗೆ ಎಲ್ಲ ಹೇಳಿದಳು. ಒಳ್ಳೆಯದಾಗಲಿ ಎಂದೂ ಹೇಳಿದಳು.

ಕುಷ್ಟಗಿಗೆ ಹೋಗಿಬಂದ ನಾಲ್ಕನೆಯ ದಿನ ಅವನು ಬಂದ. ಪ್ಯಾಚು ನೆತ್ತಿಯ ಮೇಲಿತ್ತು. ಬೈತಲೆ ಎಡಕ್ಕೆ ನೀಟಾಗಿತ್ತು. ಪಾರಮ್ಮ ಬೇಡದ ಬಕೀಟು ಹಿಡಿದು ಹಿತ್ತಲಿಗೆ ಹೋದಳು.

“ಒಪ್ಪಿದ್ರು,” ಎಂದ.

ಸುರೇಖಾಳ ಸೂಜಿ ನಿಂತಿತು. ಬಹಳ ಸಂತೋಷ ಎಂದಳು.

“ನಾನ ಖರೇ ಹೇಳಿ, ಬ್ಯಾಡ್ರಿ ಅಂತ ಕೈ ಮುಗದು ಬಂದೆ. ಆ ಹುಡುಗಿ ಯಾವ ಎಣ್ಣಿ ಹಚ್ತೀರಿ ಅಂತ ಕೇಳಿದ್ಲು ನೋಡ್ರಿ, ನನ್ನ ಬಾಯಿ ಕಟ್ತು. ಜೀವನ ಪೂರ್ತಿ ಆ ಎಣ್ಣಿ ಹೆಸರು ಹುಡುಕಬೇಕಲ್ಲ ಅನ್ನಿಸ್ತು.”

“ಹಂಗಾರ ಇದನ್ನ ತಗದ ಬಿಡ್ತೀರಿ?”

“ಯಾಕ್ರಿ? ನನಗ ಸೇರ್ಯಾವ ಇವು, ಬಿಡಂಗಿಲ್ಲ. ಆದ್ರ ಇವನ್ನ ತಗದಿಟ್ಟು ಅರಾಮ ಕುಂದ್ರಾಕ ಒಂದ ಮನಿ ಬೇಕು. ನನಗ ಗೊತ್ತಿರೂದು ಇದೊಂದ ಮನಿ.” ಅವನು ತಡೆದು, ನೆಲ ನೋಡುತ್ತ ಮುಂದುವರಿಸಿದ. “ಐತವಾರ ಅವ್ವನ್ನ ಕರಕೊಂಡು ನಿಮ್ಮನ್ನ ನೋಡಾಕ ಬರ್ಲೇನ್ರಿ?”

ಎದೆಯಲ್ಲಿ ಅರಳಿದ್ದೇನೋ ಆ ಒಂದು ಮಾತಿಗೆ ಮುದುರಿತು. ತಟ್ಟೆ, ಸೀರೆ, ನಡೆದು ತೋರಿಸುವ ನಡಿಗೆ.

“ನನ್ನ ನೋಡಾಕ ಯಾರೂ ಬರೂದು ಬ್ಯಾಡ್ರಿ,” ಎಂದಳು.

ನೋಡಾಕ ಎಂದದ್ದೇ ತಪ್ಪಾಯಿತೆಂದು ಅವನಿಗೆ ಹೊಳೆಯಿತು. ಅಲ್ಲೇ ಕುರ್ಚಿಯಲ್ಲಿ ಕೂತು, ತಪ್ಪು ಉತ್ತರ ಬರೆದ ಹುಡುಗನಂತೆ ತೊಡೆಯ ಮೇಲೆ ಕೈ ಇಟ್ಟುಕೊಂಡ.

“ಐತವಾರ ನೀವು ಮನ್ಯಾಗ ಇರ್ತೀರೇನ್ರಿ?” ಎಂದು ಕೇಳಿದಳು ಸುರೇಖಾ.

“ಇರ್ತೀನ್ರಿ. ಯಾಕ?”

“ಸುಮ್ನ ಕೇಳ್ದೆ.”

ಅವನು ಹೋದ ಮೇಲೆ ಪಾರಮ್ಮ ಖಾಲಿ ಬಕೀಟಿನೊಡನೆ ಬಂದು ಏನಾಯಿತೆಂದು ಕೇಳಿದಳು. ಏನಿಲ್ಲ, ಹದಿನೈದು ದಿನಕ್ಕೆ ಅಂಟು ಬದಲಿಸಬೇಕು ಎಂದಳು ಸುರೇಖಾ. ತಗ್ಗಿಸಿದ ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ.

ಐತವಾರ ಮೊದಲ ಬಸ್ಸಿಗೆ ಇರಕಲ್ಲಗಡಕ್ಕೆ ಹೋಗುವುದು. ಮಾಸ್ತರ ಮನೆ ಯಾವುದೆಂದು ಕೇಳಿ, ನಡುಮನೆಯ ಕುರ್ಚಿಯಲ್ಲಿ ಕೂರುವುದು. ಅವಲಕ್ಕಿಯ ತಟ್ಟೆಯನ್ನು ಅವನೇ ಹಿಡಿದು ತರಲಿ. ಅಡಿಗೆ ಬರುತ್ತದೆಯೆ ಎಂದು ಕೇಳಬೇಕು, ಶಿವಬಸಮ್ಮನವರ ಮುಂದೆಯೇ. ಗಂಡು ಮನಸ್ಸಿಗೆ ಬಂತೆಂದು ಆಮೇಲೆ ಹೇಳಿದರಾಯಿತು, ಚಹಾ ಕುಡಿದು, ಸಾವಕಾಶವಾಗಿ.

ಅವಳು ಸೂಜಿ ಎತ್ತಿಕೊಂಡು ಮುಂದಿನ ಎಳೆ ಹಿಡಿದಳು.