ಹೆಬ್ಬೆರಳಿನ ಗುಳಿ

"ಏಯ್, ಮುಟ್ಟಬೇಡ! ಮುಟ್ಟಿದ್ರೆ ಕೊಂಡ್ಕೊಂಡ ಹಾಗೆ!" ಅಂಗಡಿಯವನು ಕೂಗಿದ.

ಚಕ್ಕೆ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳು ಮುಟ್ಟಿದ್ದು ಗರಗಸವನ್ನಲ್ಲ, ಗರಗಸದ ಪ್ಲಾಸ್ಟಿಕ್ ಕವರನ್ನು. ಆ ಹೊಸ ಸಾಮಾನಿನ ಅಂಗಡಿಯಲ್ಲಿ ಎಲ್ಲಕ್ಕೂ ಕವರ್. ಸುತ್ತಿಗೆಗೆ ಕವರ್, ಉಳಿಗೆ ಕವರ್, ಅಂಗಡಿಯವನು ಕೂತಿದ್ದ ಕುರ್ಚಿಗೂ ಕವರ್. ಅವನು ಅಲ್ಲಾಡಿದಾಗೆಲ್ಲ ಕುರ್ಚಿ ಚರಚರ ಅನ್ನುತ್ತಿತ್ತು.

"ಮುಟ್ಟದೆ ಕೈಗೆ ಕೂರುತ್ತಾ ಅಂತ ಹೇಗೆ ನೋಡೋದು ಸರ್?" ಅಕ್ಕ ಕೇಳಿದಳು.

"ಕವರ್ ಮೇಲಿಂದಾನೇ ನೋಡಮ್ಮ. ಹಾಕ್ಕೊಂಡು ನೋಡೋಕೆ ಇದೇನು ಚಪ್ಪಲೀನಾ?"

ಅಕ್ಕ ಚಕ್ಕೆಯ ಕೈ ಹಿಡಿದು ರಸ್ತೆ ದಾಟಿದಳು.

ರಸ್ತೆಯ ಆಚೆ, ಸರಿಯಾಗಿ ಎದುರಿಗೇ, ತುಕ್ಕು ಮಾಮನ ಹಳೇ ಸಾಮಾನಿನ ಅಂಗಡಿ. ಅಲ್ಲಿ ಯಾವುದಕ್ಕೂ ಕವರ್ ಇಲ್ಲ. ಅರ್ಧ ಅಂಗಡಿಗೆ ಸೂರೂ ಇಲ್ಲ. ಮಾಮನ ಮೀಸೆ ಕೂಡ ಮಳೆಯಲ್ಲಿ ನೆನೆದ ಮೊಳೆಯ ಬಣ್ಣ.

"ಬಾಮ್ಮ ಬಾ! ಮುಟ್ಟಿ ನೋಡು, ಎತ್ತಿ ನೋಡು, ಬೇಕಾದ್ರೆ ಬೀಳಿಸಿ ನೋಡು. ಯಾರಪ್ಪನ ಗಂಟು ಹೋಗುತ್ತೆ!"

ಮಾಮ ಏನು ಹೇಳಿದರೂ ಕೊನೆಗೆ ಈ ಬಾಲ ಇದ್ದೇ ಇರುತ್ತಿತ್ತು. "ಕೂತ್ಕೋ, ಯಾರಪ್ಪನ ಗಂಟು ಹೋಗುತ್ತೆ." "ಬಿಸಿಲು ಜಾಸ್ತಿ, ಯಾರಪ್ಪನ ಗಂಟು ಹೋಗುತ್ತೆ." ಚಕ್ಕೆಗೆ ನಗು ಬಂತು.

ಚಕ್ಕೆ ಅವಳ ನಿಜವಾದ ಹೆಸರಲ್ಲ. ನಿಜವಾದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆ, ಅಲ್ಲೇ ಇರುತ್ತದೆ, ಹೊರಗೆ ಬರುವುದಿಲ್ಲ. ಅಪ್ಪ ಬಡಗಿ. ಹುಟ್ಟಿದ ಮಗು ಮರದ ಚಕ್ಕೆಯ ಹಾಗೆ ತೆಳ್ಳಗಿತ್ತಂತೆ. ಅದಕ್ಕೇ ಅಪ್ಪ ಹಾಗೆ ಕರೆದರು. ಕ್ಲಾಸಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಗೆ ಎಲ್ಲರೂ ಲವಂಗ ಅಂತ ಹೆಸರಿಟ್ಟಿದ್ದಾರೆ. ಮಸಾಲೆ ಡಬ್ಬಿ ತುಂಬಬೇಕಲ್ಲ!

ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು.

ಅಕ್ಕ ಈಗ ಮೇಜು ಕುರ್ಚಿ ಮಾಡುವ ಶಾಪಿಗೆ ಕೆಲಸ ಕಲಿಯಲು ಸೇರಿದ್ದಳು. ಅಲ್ಲಿ ಒಂದು ಕಟ್ಟುನಿಟ್ಟು: ಅವರವರ ಸಾಮಾನು ಅವರವರೇ ತರಬೇಕು. ಒಬ್ಬರದ್ದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮೊದಲ ವಾರವೇ ಮೇಸ್ತ್ರಿ ಹೇಳಿಬಿಟ್ಟಿದ್ದರು: "ನೋಡಮ್ಮ, ನೀನು ಕೀಸಿದ ಹಲಗೆ ಎಲ್ಲ ಜಾರುಬಂಡೆ ಆಗಿದೆ. ಸೋಮವಾರದೊಳಗೆ ನಿನ್ನ ಕೈಗೆ ಕೂರೋ ಸಾಮಾನು ತಾ. ಇಲ್ಲ ಅಂದ್ರೆ ಕಸ ಗುಡಿಸೋ ಕೆಲಸ ಇದೆ. ಪೊರಕೆಗೆ ಎಡ ಬಲ ಇಲ್ಲ."

ಇವತ್ತು ಶನಿವಾರ.

ಅಕ್ಕ ರಾಶಿಯೊಳಗಿಂದ ಒಂದು ಉಜ್ಜುಗೊರಡನ್ನು ಎತ್ತಿಕೊಂಡಳು. ಹಲಗೆ ಕೀಸಿ ನುಣ್ಣಗೆ ಮಾಡುವ ಮರದ ಗೊರಡು ಅದು. ಕೆಳಗೊಂದು ಬಾಯಿ, ಬಾಯೊಳಗೆ ಅಗಲವಾದ ಒಂದೇ ಹಲ್ಲು. ಹಲಗೆಯ ಮೇಲೆ ಮುಂದಕ್ಕೆ ದೂಡಿದರೆ ಸುರುಳಿ ಸುರುಳಿ ಮರ ಉಗುಳುತ್ತದೆ.

"ನಿಮ್ಮಪ್ಪಂದೇ ಇತ್ತಲ್ಲಮ್ಮ, ಇಂಥದ್ದು?" ಮಾಮ ಮೆತ್ತಗೆ ಕೇಳಿದ.

"ಅಪ್ಪ ಎಡಚ ಅಲ್ವಾ ಮಾಮ? ಎಡಗೈಲಿ ಹಿಡಿದು ಹಿಡಿದು, ಹೆಬ್ಬೆರಳು ಕೂರೋ ಕಡೆ ಗುಳಿ ಬಿದ್ಬಿಟ್ಟಿದೆ. ನಾನು ಬಲಗೈಲಿ ಹಿಡಿದ್ರೆ ಸೊಟ್ಟಗೆ ಓಡುತ್ತೆ." ಅಕ್ಕ ಅಂಗೈ ಚಾಚಿದಳು. "ನೋಡಿ, ಬೊಬ್ಬೆ."

"ಬೊಬ್ಬೆ ಬಂದಾಗ ಬೊಬ್ಬೆ ಹೊಡೆದ್ಯಾ?"

"ಮೇಸ್ತ್ರಿ ಎದುರಿಗಾ? ನುಂಗ್ಕೊಂಡೆ."

ಮಾಮ ನಕ್ಕ. ಆಮೇಲೆ ಮೀಸೆ ಸವರಿಕೊಂಡ. "ಹಿಡಿ ಬೇರೆ ಹಾಕೋಣ ಅಂದ್ರೆ ನಿಮ್ಮಪ್ಪಂದು ಒಂದೇ ಮರದಲ್ಲಿ ಕಡೆದಿರೋದು. ಒಂದು ಕೆಲಸ ಮಾಡು. ನಾಳೆ ನಿಮ್ಮಪ್ಪನ ಕೈಗೆ ಸವೆದ ಸಾಮಾನನ್ನೆಲ್ಲ ತಗೊಂಡು ಬಾ. ನನ್ನ ಹತ್ರ ಒಬ್ಬ ಎಡಗೈ ಬಡಗಿ ಬರ್ತಾನೆ. ಎಡಗೈ ಸಾಮಾನು ಹುಡುಕಿ ಹುಡುಕಿ ಅವನ ಚಪ್ಪಲಿ ಸವೆದಿದೆ. ಅವು ಅವನಿಗೆ, ಇಲ್ಲಿರೋ ಬಲಗೈ ಸಾಮಾನು ನಿನಗೆ. ಅದಲುಬದಲು."

ಚಕ್ಕೆಯ ನಗು ಎಲ್ಲೋ ಬಿದ್ದುಹೋಯಿತು.

ಮನೆಯ ದಾರಿಯಲ್ಲಿ ಅವಳು ಬಾಯಿ ಮುಚ್ಚಲೇ ಇಲ್ಲ.

"ಹೊಸದೇ ತಗೊಳ್ಳೇ ಅಕ್ಕ. ಎಷ್ಟು ಫಳಫಳ ಅಂತಿತ್ತು!"

"ಫಳಫಳ ಅಂದ್ರೆ ಆಯ್ತಾ? ಹೊಸದು ಕೈಗೆ ಪಳಗೋಕೆ ವರ್ಷ ಬೇಕು ಕಣೇ. ನನಗಿರೋದು ನಾಳೆ ಒಂದು ದಿನ."

"ಹಾಗಾದ್ರೆ ಅಪ್ಪಂದೇ ಇಟ್ಕೋ."

"ಅದು ನನ್ನ ಕೈ ಮಾತು ಕೇಳಲ್ಲ."

"ಆ ಗುಳಿ ಇಲ್ಲದೇ ಇದ್ದಿದ್ರೆ ಕೇಳ್ತಿತ್ತಾ?"

"ಹೂಂ ಕಣೇ ಹೂಂ, ಕೇಳ್ತಿತ್ತು," ಅಂದಳು ಅಕ್ಕ. ರಸ್ತೆ ದಾಟುವ ಗಡಿಬಿಡಿಯಲ್ಲಿ ಅಂದ ಮಾತು ಅದು. ಅಕ್ಕ ಆ ಮಾತನ್ನು ರಸ್ತೆಯ ಈ ಕಡೆಯೇ ಬಿಟ್ಟು ಹೋದಳು. ಚಕ್ಕೆ ಎತ್ತಿಕೊಂಡಳು.

ಭಾನುವಾರ ಬೆಳಿಗ್ಗೆ ಅಮ್ಮ, ತಾನು ಹೊಲಿದ ಬಟ್ಟೆಗಳ ಎರಡು ಗಂಟು ಕಟ್ಟಿದಳು. ಒಂದನ್ನು ತಾನು ಹೊತ್ತಳು, ಇನ್ನೊಂದನ್ನು ಅಕ್ಕನಿಗೆ ಹೊರಿಸಿದಳು. ಗಿರಾಕಿಗಳ ಮನೆಗೆ ಕೊಟ್ಟು ಬರಲು ಇಬ್ಬರೂ ಹೊರಟರು.

ಬಾಗಿಲು ಮುಚ್ಚಿದ್ದೇ ತಡ, ಚಕ್ಕೆ ಮಂಚದ ಕೆಳಗೆ ನುಗ್ಗಿ ಅಪ್ಪನ ಪೆಟ್ಟಿಗೆ ಎಳೆದಳು. ಹಿಡಿಯಲ್ಲಿ ಗುಳಿ ಬಿದ್ದ ಗರಗಸ, ಎರಡು ಉಳಿ, ಮರದ ಸುತ್ತಿಗೆ, ಅರ, ಕಬ್ಬಿಣದ ಅಳತೆಪಟ್ಟಿ. ಎಲ್ಲಕ್ಕಿಂತ ಕೆಳಗೆ, ಅಪ್ಪನ ಹಳೇ ಬನಿಯನ್ನಿನಲ್ಲಿ ಸುತ್ತಿದ ಉಜ್ಜುಗೊರಡು.

ಬನಿಯನ್ ಬಿಚ್ಚಿದಳು. ಗೊರಡಿನ ಹಿಡಿ ಎಣ್ಣೆ ಕುಡಿದು ಕಪ್ಪಗಾಗಿತ್ತು. ಹಿಡಿಯ ಬಲಗಡೆ ಗುಳಿ, ಕೆನ್ನೆಯ ಗುಳಿಯ ಹಾಗೆ ನುಣ್ಣಗೆ. ಚಕ್ಕೆ ತನ್ನ ಎಡಗೈಯಲ್ಲಿ ಹಿಡಿದಳು. ಅವಳೂ ಎಡಚಿಯೇ. ಬರೆಯುವಾಗ ದಿನಾ ಅವಳ ಮೊಣಕೈಗೂ ಲವಂಗದ ಮೊಣಕೈಗೂ ಬೆಂಚಿನ ಮೇಲೆ ಯುದ್ಧ. ಅವಳ ಹೆಬ್ಬೆರಳು ಗುಳಿಯೊಳಗೆ ಹೋಯಿತು. ಇನ್ನೊಂದು ಹೆಬ್ಬೆರಳಿಗೂ ಜಾಗ ಮಿಕ್ಕಿತು.

'ಮೊದಲು ಇದು,' ಅಂದುಕೊಂಡಳು. 'ಆಮೇಲೆ ಗರಗಸ. ಆಗ ಅಕ್ಕ ಯಾವುದನ್ನೂ ಕೊಡಬೇಕಾಗಲ್ಲ.'

ಅರ ತೆಗೆದು ಉಜ್ಜತೊಡಗಿದಳು. ಆದರೆ ಗುಳಿಯನ್ನು ಕಿತ್ತು ತೆಗೆಯುವುದು ಹೇಗೆ? ಗುಳಿ ಅಂದರೆ ಇಲ್ಲದ ಮರ. ಇಲ್ಲದ್ದನ್ನು ತೆಗೆಯಲು ಆಗುವುದಿಲ್ಲ. ಸುತ್ತ ಇರುವ ಗುಡ್ಡವನ್ನೇ ಇಳಿಸಬೇಕು. ಚಕ್ಕೆ ಗುಡ್ಡ ಇಳಿಸಿದಳು. ಆಮೇಲೆ ಸ್ಯಾಂಡ್ ಪೇಪರ್ ಹಾಕಿದಳು. ಆ ಉಜ್ಜುಗೊರಡು ಹುಟ್ಟಿದಾಗಿನಿಂದ ಉಜ್ಜಿದ್ದೇ ಉಜ್ಜಿದ್ದು. ತಾನೇ ಉಜ್ಜಿಸಿಕೊಂಡದ್ದು ಇದೇ ಮೊದಲು.

ಕಪ್ಪು ಹೋಗಿ ಕಂದು ಬಂತು. ಕಂದು ಹೋಗಿ ಬಿಳಿ ಬಂತು. ಗುಳಿಯ ಆಳ ತಟ್ಟೆಯಷ್ಟಕ್ಕೆ ಇಳಿಯಿತು, ಆಮೇಲೆ ಬರೀ ನೆರಳಿನಷ್ಟು. ಆಮೇಲೆ ನೆರಳೂ ಇಲ್ಲ.

ಕೈ ನೋಯುತ್ತಿತ್ತು. ಆದರೂ ನೆಲದ ಮೇಲೆ ಬಿದ್ದ ಪುಡಿಯನ್ನೆಲ್ಲ ಗುಡಿಸಿ, ಹೊರಗೆ ಬಂದಿದ್ದ ಕಸದ ಗಾಡಿಗೆ ಹಾಕಿ ಬಂದಳು. "ಕಸ ಗುಡಿಸಿದ ಮೇಲೇ ಕೆಲಸ ಮುಗೀತು ಅನ್ನಬೇಕು" ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು.

ಗರಗಸಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು.

"ಟಣ್ ಟಡಾಣ್!" ಚಕ್ಕೆ ಉಜ್ಜುಗೊರಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ಅಕ್ಕಾ, ನೋಡೇ! ಈಗ ನಿನ್ನ ಕೈ ಮಾತು ಕೇಳುತ್ತೆ!"

ಅಕ್ಕ ನಿಂತಲ್ಲೇ ನಿಂತಳು.

ಅಮ್ಮ ಖಾಲಿ ಗಂಟುಬಟ್ಟೆ ಕೆಳಗಿಟ್ಟು ಗೊರಡನ್ನು ಇಸಿದುಕೊಂಡಳು. ಅವಳ ಹೆಬ್ಬೆರಳು ಹಿಡಿಯ ಬಲಗಡೆ ಹೋಯಿತು, ಜಾರಿತು. ಮತ್ತೆ ಹೋಯಿತು, ಮತ್ತೆ ಜಾರಿತು. ಕತ್ತಲಲ್ಲಿ ಸ್ವಿಚ್ ಹುಡುಕುವವರ ಬೆರಳಿನ ಹಾಗೆ ಅದು ಅಲ್ಲೇ ಅಲ್ಲೇ ಸುತ್ತಿತು.

"ಏನೇ ಮಾಡ್ದೆ ನೀನು?" ಅಕ್ಕನ ದನಿ ಒಡೆದಿತ್ತು.

"ನೀನೇ ಹೇಳಿದ್ಯಲ್ಲ... ಗುಳಿ ಇಲ್ಲದೇ ಇದ್ದಿದ್ರೆ ಕೇಳ್ತಿತ್ತು ಅಂತ."

ಅಕ್ಕ ಬಂದು ಪೆಟ್ಟಿಗೆಯ ಪಕ್ಕ ಕೂತಳು.

"ಪುಡಿ ಎಲ್ಲಿ ಮಗಾ?" ಅಮ್ಮ ಕೇಳಿದಳು.

"ಗುಡಿಸಿ ಕಸದ ಗಾಡಿಗೆ ಹಾಕ್ದೆ ಅಮ್ಮ. ಅಪ್ಪ ಹೇಳ್ತಿದ್ರಲ್ಲ."

ಅಮ್ಮ ಚಕ್ಕೆಯ ತಲೆ ಸವರಿದಳು. "ಸರಿ ಬಿಡು. ಕೊಡೋ ಮುಂಚೆ ಒಂದು ಸಲ ಹಿಡ್ಕೊಳ್ಳೋಣ ಅಂತಿದ್ದೆ, ಅಷ್ಟೇ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗುಳಕ್ಕೆ ಅಳಬಹುದು. ಇದಕ್ಕೆ ಏನು ಮಾಡುವುದು? ಚಕ್ಕೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಸ್ವಲ್ಪ ಪುಡಿ ಇನ್ನೂ ಇತ್ತು. ಕೈ ತೊಳೆಯಲು ಅವಳಿಗೆ ಮನಸ್ಸಾಗಲಿಲ್ಲ.

ಅಕ್ಕ ಗೊರಡನ್ನು ಬಲಗೈಯಲ್ಲಿ ಹಿಡಿದು ನೋಡಿದಳು. ಹಿಡಿ ಸವೆದು ಕಡ್ಡಿಯಾಗಿತ್ತು. ಅವಳ ಬೆರಳುಗಳು ಸುತ್ತಿ ಬಂದು ಅಂಗೈಗೇ ತಾಗಿದವು. ಅಕ್ಕನ ಕೈಗೂ ಅದು ಆಗಲಿಲ್ಲ.

ಮಧ್ಯಾಹ್ನ ತುಕ್ಕು ಮಾಮನ ಅಂಗಡಿಯಲ್ಲಿ ಎಡಗೈ ಬಡಗಿ ಕಾಯುತ್ತಿದ್ದ. ಕುಳ್ಳಗಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ಅದೂ ಎಡಗಿವಿ. ಅಪ್ಪನ ಗರಗಸ ಹಿಡಿದು ಗಾಳಿಯಲ್ಲಿ ಎರಡು ಸಲ ಆಡಿಸಿದ. ಬೀಗಕ್ಕೆ ಅದರದೇ ಕೀಲಿ ಬಿದ್ದ ಹಾಗೆ ಅವನ ಹೆಬ್ಬೆರಳು ಗುಳಿಯಲ್ಲಿ ಕೂತಿತು.

"ಅಬ್ಬಾ!" ಅಂದ. "ನನಗೆ ಅಂತಲೇ ಯಾರೋ ಸವೆಸಿ ಇಟ್ಟ ಹಾಗಿದೆ."

ಆಮೇಲೆ ಉಜ್ಜುಗೊರಡನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಮೆಲ್ಲಗೆ ಕೆಳಗಿಟ್ಟ. "ಇದು ಎಡಾನೂ ಅಲ್ಲ, ಬಲಾನೂ ಅಲ್ಲ."

"ಹೊಸದೂ ಅಲ್ಲ, ಹಳೇದೂ ಅಲ್ಲ," ಅಂದ ಮಾಮ. "ಇದಕ್ಕೆ ಯಾರಮ್ಮ ಕ್ಷೌರ ಮಾಡಿದ್ದು?"

"ನಾನೇ ಮಾಮ," ಅಂದಳು ಅಕ್ಕ ಥಟ್ಟನೆ.

ಮಾಮ ಅಕ್ಕನ ಮುಖ ನೋಡಿದ. ಆಮೇಲೆ ಚಕ್ಕೆಯ ಉಗುರು ನೋಡಿದ. ಚಕ್ಕೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಗೊರಡು ಇಲ್ಲದೆ ಶಾಪಿಗೆ ಹೋಗೋಕಾಗುತ್ತಾ?" ಅಂದ ಮಾಮ. "ನಿನ್ನೆ ನೋಡಿದ್ಯಲ್ಲ, ಅದನ್ನೇ ತಗೋ. ಇದರ ಬದಲಿಗೆ ಅರಾನೂ ಅಳತೆಪಟ್ಟೀನೂ ಇಟ್ಟು ಹೋಗು." ಈ ಸಲ ಮಾತಿಗೆ ಬಾಲ ಇರಲಿಲ್ಲ.

ಹಾಗೆ, ಗೊರಡು ಒಂದು ಹೋಗಬೇಕಾದ ಕಡೆ, ಮನೆಯಲ್ಲೇ ಉಳಿಯಬೇಕಿದ್ದ ಎರಡು ಹೋದವು. ಎಡಗೈ ಬಡಗಿ ಚೀಲ ತುಂಬಿಕೊಂಡು ಹೊರಟ. ಗರಗಸ ಮಾತ್ರ ಚೀಲದೊಳಗೆ ಹಿಡಿಸಲಿಲ್ಲ. ಅದನ್ನು ಎಡಗೈಯಲ್ಲಿ ಹಿಡಿದುಕೊಂಡ. ರಸ್ತೆಯ ತಿರುವಿನವರೆಗೂ ಚಕ್ಕೆ ಆ ಎಡಗೈಯನ್ನೇ ನೋಡುತ್ತಿದ್ದಳು. ಹಿಂದಿನಿಂದ ನೋಡಿದರೆ ಥೇಟ್ ಅಪ್ಪನ ಹಾಗೇ. ಆಮೇಲೆ ಅವನು ತಿರುಗಿದ. ಹಾಗೇನೂ ಇರಲಿಲ್ಲ.

ಅಪ್ಪನ ಪೆಟ್ಟಿಗೆಯಲ್ಲಿ ಈಗ ಮಿಕ್ಕಿದ್ದು ಉಜ್ಜುಗೊರಡು ಒಂದೇ. ಎಲ್ಲಿ ಅಪ್ಪನ ಗುರುತು ಇತ್ತೋ ಅವೆಲ್ಲ ಹೋದವು. ಎಲ್ಲಿ ಇಲ್ಲವೋ ಅದು ಉಳಿಯಿತು. ರಾತ್ರಿ ಊಟಕ್ಕೆ ಮುಂಚೆ ಚಕ್ಕೆ ಅದನ್ನು ಎಡಗೈಯಲ್ಲಿ ಹಿಡಿದು ನೋಡಿದಳು. ಅವಳ ಕೈಗೆ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅದಕ್ಕೇ ಅವಳಿಗೆ ಇನ್ನೂ ಅಳು ಬಂತು.

ಸೋಮವಾರ ಬೆಳಿಗ್ಗೆ ಅಕ್ಕ ಶಾಪಿಗೆ ಹೊರಡಲು ಬೇಗ ಎದ್ದಳು. ಅಮ್ಮನ ಹೊಲಿಗೆ ಮಿಷನ್ ಆಗಲೇ ಟರ್ ಟರ್ ಅನ್ನುತ್ತಿತ್ತು. ಅದಲುಬದಲಾಗಿ ಬಂದ ಸಾಮಾನುಗಳನ್ನು ಅಕ್ಕ ನೆಲದ ಮೇಲೆ ಸಾಲಾಗಿ ಇಟ್ಟಿದ್ದಳು.

ಚಕ್ಕೆ ಯೂನಿಫಾರ್ಮಿನಲ್ಲೇ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮಾಮ ಕೊಟ್ಟ ಉಜ್ಜುಗೊರಡನ್ನು ಎಡಗೈಯಲ್ಲಿ ಎತ್ತಿದಳು. ಹೊಂದಲಿಲ್ಲ. ಬಲಗೈಗೆ ಬದಲಾಯಿಸಿದಳು. ಹೆಬ್ಬೆರಳು ಎಡಗಡೆಗೆ ಹೋಗಿ, ಮೆತ್ತಗೆ, ಒಂದು ಗುಳಿಯೊಳಗೆ ಇಳಿಯಿತು.

ಆಳವಾದ ಗುಳಿ. ಅಂಚಿನಲ್ಲಿ ಉಗುರು ಒತ್ತಿ ಒತ್ತಿ ಬಿದ್ದ ಸಣ್ಣ ಗೀರು ಕೂಡ ಇತ್ತು.

"ಅಕ್ಕಾ."

"ಏನೇ?"

"ಇದು ಯಾರಪ್ಪಂದು?"

ಶೂ ಕಟ್ಟುತ್ತಿದ್ದ ಅಕ್ಕನ ಕೈ ನಿಂತಿತು. "ಗೊತ್ತಿಲ್ಲ ಕಣೇ. ತುಕ್ಕು ಮಾಮನಿಗೂ ಗೊತ್ತಿರಲ್ಲ." ಮತ್ತೆ ಲೇಸ್ ಎಳೆದಳು. "ನನ್ನ ಬೆರಳಿಗೆ ಒಂಚೂರು ಆಳ ಜಾಸ್ತಿ ಆಯ್ತು. ಸಂಜೆ ಬಂದು ಸ್ವಲ್ಪ ಉಜ್ಜಿದ್ರೆ..."

"ಬೇಡ!"

ಅಮ್ಮನ ಮಿಷನ್ ಗಕ್ಕನೆ ನಿಂತಿತು.

"ಬೇಡ ಅಕ್ಕ," ಚಕ್ಕೆ ಈ ಸಲ ಮೆಲ್ಲಗೆ ಅಂದಳು. "ನಿನ್ನ ಬೆರಳೇ ನಿಧಾನಕ್ಕೆ ಕೂತ್ಕೊಳ್ಳುತ್ತೆ."

ಅವಳು ಎದ್ದು ಹೋಗಿ ಪೆಟ್ಟಿಗೆಯಿಂದ ಅಪ್ಪನ ಹಳೇ ಬನಿಯನ್ ತಂದಳು. ನೆಲದ ಮೇಲೆ ಹಾಸಿ, ಆ ಯಾರದೋ ಉಜ್ಜುಗೊರಡನ್ನು ನಡುವೆ ಇಟ್ಟು, ಸುತ್ತತೊಡಗಿದಳು. ಗುಳಿ ಇದ್ದ ಕಡೆ ಇನ್ನೊಂದು ಸುತ್ತು ಜಾಸ್ತಿ ಸುತ್ತಿದಳು.