ಸೋಮವಾರದ ಫೋಲ್ಡರ್

ಬುಧವಾರ ಬೆಳಿಗ್ಗೆ ಹತ್ತೂವರೆಗೆ ರೆಕಾರ್ಡಿಂಗ್ ಸ್ಟುಡಿಯೋದ ಮಾಲೀಕ ಠಾಣೆಗೆ ದೂರು ತಂದ. ಮಕ್ಕಳ ಕತೆಗಳ ಮೂಲ ರೆಕಾರ್ಡಿಂಗ್ ಇದ್ದ ಹಾರ್ಡ್ ಡಿಸ್ಕ್ ಸೋಮವಾರ ಕಳುವಾಗಿತ್ತು. ಕತೆ ಓದಿದಾಕೆ ತೀರಿಕೊಂಡು ಮೂರು ತಿಂಗಳಾಗಿತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದಳು.

ಪೊಲೀಸರಿಗೆ ಕೆಲಸವೇ ಉಳಿಯದಂತೆ ಮಾಲೀಕ ಕಳ್ಳಿಯನ್ನೂ ಕರೆತಂದಿದ್ದ. ಅವನಲ್ಲೇ ಎಡಿಟಿಂಗ್ ಮಾಡುವ ಹುಡುಗಿ.

"ಇವಳ ಲ್ಯಾಪ್‌ಟಾಪಲ್ಲಿ ಅದೇ ಕತೆಗಳ ಫೋಲ್ಡರ್ ಇದೆ ಮೇಡಂ. ತಾರೀಕು ನೋಡಿ, ಸೋಮವಾರ!"

"ಅದು ಹೋದ ವರ್ಷದಿಂದ ನನ್ನ ಹತ್ರ ಇದೆ," ಎಂದಳು ಹುಡುಗಿ. "ಸೋಮವಾರ ಹೊಸ ಲ್ಯಾಪ್‌ಟಾಪ್ ತಗೊಂಡು ಹಳೇದನ್ನೆಲ್ಲ ಕಾಪಿ ಮಾಡ್ಕೊಂಡೆ. ಕಳ್ಳಿ ಅಂತ ಹೆಸರು ಬಂದ್ರೆ ಇನ್ನೆಲ್ಲೂ ಕೆಲಸ ಸಿಗಲ್ಲ ಮೇಡಂ."

ಠಾಣೆಯಲ್ಲಿ 'ಗಡಿಬಿಡಿ' ಎಂದೇ ಹೆಸರಾದ ಕಾನ್‌ಸ್ಟೇಬಲ್ ಆಗಲೇ ಬಂಧನದ ಕಾಗದ ತೆಗೆದಿದ್ದ.

"ತಾಳಯ್ಯ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ," ಎಂದಳು ಇನ್‌ಸ್ಪೆಕ್ಟರ್.

ತನ್ನ ಪೆನ್‌ಡ್ರೈವಿನಿಂದ ಮಗಳ ಹಳೆಯ ಫೋಟೋಗಳ ಫೋಲ್ಡರನ್ನು ಠಾಣೆಯ ಕಂಪ್ಯೂಟರಿಗೆ ಕಾಪಿ ಮಾಡಿದಳು. ಫೋಲ್ಡರಿಗೆ ಇವತ್ತಿನ ತಾರೀಕು ಬಿತ್ತು. ಒಳಗಿನ ಫೋಟೋಗಳಿಗೆ ಹತ್ತು ವರ್ಷದ ಹಿಂದಿನದೇ ಇತ್ತು. ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದ ಮಗಳನ್ನು ತನಿಖೆಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ನೋಡಿದಳು. ಹುಡುಗಿಯ ಲ್ಯಾಪ್‌ಟಾಪಿನಲ್ಲೂ ಹಾಗೇ ಆಗಿತ್ತು. ಕಾಲೇಜಿನ ನೋಟ್ಸು, ಅಮ್ಮನ ಎಕ್ಸ್‌ರೇ, ಎಲ್ಲ ಫೋಲ್ಡರುಗಳೂ ಸೋಮವಾರದವು. ಒಳಗಿನ ಫೈಲುಗಳು ಹಳೆಯವು. ಹುಡುಗಿ ಕಣ್ಣೊರೆಸಿಕೊಂಡಳು.

"ಸರಿ, ಡಿಸ್ಕಲ್ಲಿದ್ದು ನಿನ್ನ ಹತ್ರ ಇಲ್ಲದ್ದು ಏನು?"

"ಕತ್ತರಿಸಿ ಹಾಕಿದ್ದು ಮೇಡಂ. ಕೆಮ್ಮು, ತಪ್ಪು ಓದಿದ್ದು, ನಡುವೆ ಆಡಿದ ಮಾತು. ಈ ವಾರ ಅಳಿಸ್ಬೇಕು ಅಂತಿದ್ರು ಸಾಹೇಬ್ರು."

"ಅದು ಬೇಕು ಅಂದೋರು ಯಾರಾದ್ರೂ ಇದ್ರಾ?"

ಮಾಲೀಕನ ದನಿ ಇಳಿಯಿತು. "ನಮ್ಮ ವಾಚ್‌ಮನ್ ಕೇಳಿದ್ದ. ಓದಿದಾಕೆಯ ಗಂಡ. ಕಸ ತಗೊಂಡು ಏನ್ಮಾಡ್ತೀಯ ಅಂದೆ. ಬೀಗದ ಕೈ ಅವನ ಹತ್ರಾನೇ ಇರುತ್ತೆ."

ವಾಚ್‌ಮನ್ ಮನೆಯಲ್ಲಿ ಹುಡುಕುವ ಶ್ರಮವೇ ಬೀಳಲಿಲ್ಲ. ಡಿಸ್ಕ್ ಟವೆಲಿನಲ್ಲಿ ಸುತ್ತಿ ದಿಂಬಿನ ಪಕ್ಕದಲ್ಲಿತ್ತು. ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ.

"ಇದನ್ನ ಕೇಳೋದು ಹೆಂಗೆ ಅಜ್ಜ?" ಎಂದಳು ಇನ್‌ಸ್ಪೆಕ್ಟರ್.

"ಗೊತ್ತಿಲ್ಲಮ್ಮ. ಅಳಿಸದೆ ಇದ್ರೆ ಸಾಕಿತ್ತು." ಹುಡುಗಿಯ ಮೇಲೆ ಅನುಮಾನ ಬಂದಿತ್ತೆಂದು ತಿಳಿದು ಮುದುಕ ದಡಬಡಿಸಿ ಎದ್ದ. "ಅಯ್ಯೋ, ಆ ಮಗು ಮೇಲಾ? ನಡೀರಿ, ನಾನೇ ಬರ್ತೀನಿ."

ಸಂಜೆ ಐದಕ್ಕೆ ಮುದುಕನ ಬಂಧನ ದಾಖಲಾಯಿತು. ಡಿಸ್ಕಿನಲ್ಲಿ ಇರುವುದೇನೆಂದು ಪಂಚನಾಮೆಯಲ್ಲಿ ಬರೆಯಬೇಕಲ್ಲ. ಸ್ಟುಡಿಯೋದಲ್ಲಿ ಪಂಚರ ಮತ್ತು ಮುದುಕನ ಎದುರು ಹುಡುಗಿ ಅದನ್ನು ಹಾಕಿದಳು. ಮೊದಲು ಕೆಮ್ಮು, ಆಮೇಲೆ ಹೆಂಗಸಿನ ದನಿ:

"ರೀ, ಬಾಗಿಲಲ್ಲಿ ಗಾಳಿ ಬೀಸ್ತಿದೆ. ಸ್ವೆಟರ್ ಹಾಕ್ಕೊಂಡ್ರಾ? ಎಷ್ಟು ಸಲ ಹೇಳೋದು ನಿಮಗೆ!"

ಮುದುಕ ಕಣ್ಣು ಮುಚ್ಚಿಕೊಂಡ. "ಕತೆ ಹೇಳೋ ದನಿ ಊರಿಗೆಲ್ಲ ಸಿಗುತ್ತೆ ಮೇಡಂ. ನನ್ನ ಬೈಯೋ ದನಿ ಇದರಲ್ಲಿ ಮಾತ್ರ ಇರೋದು."

ಮಾಲೀಕ ಗೋಡೆಯ ಕಡೆ ತಿರುಗಿದ. ಗಡಿಬಿಡಿ ಬರೆದು ಮುಗಿಸಿ ಅರಗು ಹಿಡಿದು ನಿಂತ. "ಸೀಲ್ ಮಾಡ್ಲಾ ಮೇಡಂ?"

"ದನಿ ಗುರುತು ಸರಿಯಾಗಿ ಸಿಗ್ಲಿಲ್ಲ," ಎಂದಳು ಇನ್‌ಸ್ಪೆಕ್ಟರ್. "ಇನ್ನೊಂದ್ಸಲ ಹಾಕಮ್ಮ."